ತಲೆದೆಸೆಯ ಬಲಮೂಲೆ

ಸವಡಿಹಾಳದಲ್ಲಿ ಹತ್ತಿ ಹಿಂಜುವ ಪಿಂಜಾರರ ಓಣಿಯಲ್ಲಿ ಹೊಸ ಗಾದಿಗೆ ಕೊನೆಯ ಹೊಲಿಗೆ ಹಾಕುವಾಗ ಹೇಳುವ ಕಥೆ ಇದು. ಹೇಳುವವರು ಇಸವಿ ಹೇಳುವುದಿಲ್ಲ. ‘ಮಲಗೂ ಜಾಗಾಕ್ಕ ಅಂಕಿ ಬಿದ್ದ ವರ್ಷ’ ಎಂದು ಆರಂಭಿಸುತ್ತಾರೆ. ನಾನು ಇದನ್ನು ಮೂವರಿಂದ ಕೇಳಿ ಬರೆದುಕೊಂಡೆ: ಓಣಿಯ ಹಿರಿಯ ಪಿಂಜಾರ ಲಾಲಸಾಬ, ಹುಬ್ಬಳ್ಳಿಯ ಪ್ರಯೋಗಾಲಯದಿಂದ ನಿವೃತ್ತರಾದ ಪ್ರಭಾವತಿ ಹಂಚಿನಾಳ, ಮತ್ತು ಇದೆಲ್ಲ ಯಾರ ಮೈಮೇಲೆ ನಡೆಯಿತೋ ಆ ಶಮಶಾದ. ಮೂವರ ಮಾತು ಕೂಡದ ಕಡೆ ಹಾಗೆಂದು ತಿಳಿಸಿದ್ದೇನೆ.

ಆ ವರ್ಷಕ್ಕೆ ಮೊದಲು ಎರಡು ತಲೆಮಾರಿನ ಜನ ಫೋಮಿನ ಮೇಲೆ ಮಲಗಿದ್ದರು. ಫೋಮ್ ಬೇಗ ಹೊತ್ತಿಕೊಳ್ಳುವ ವಸ್ತು. ಬೆಂಕಿ ತಾಗಿದರೂ ಅದು ತಡವಾಗಿ ಉರಿಯಲೆಂದು ತಯಾರಿಸುವವರು ಬ್ರೋಮಿನ್ ಇರುವ ಒಂದು ರಾಸಾಯನಿಕವನ್ನು ಬೆರೆಸುತ್ತಿದ್ದರು. ಬೆರೆತದ್ದು ಅಲ್ಲಿಯೇ ನಿಲ್ಲುತ್ತಿರಲಿಲ್ಲ. ಕೂತು ಎದ್ದಾಗಲೆಲ್ಲ ಸೋಫಾದಿಂದ, ಗಾದಿಯಿಂದ, ದಿಂಬಿನಿಂದ ಕಣ್ಣಿಗೆ ಕಾಣದ ಧೂಳಾಗಿ ಹೊರಟು, ಉಸಿರಿನೊಡನೆ ಮೈಸೇರಿ, ಕೊಬ್ಬಿನಲ್ಲಿ ಕೂತುಬಿಡುತ್ತಿತ್ತು. ತಾಯಿಯ ಮೈಯಿಂದ ಹಾಲಿಗೆ ಇಳಿಯುತ್ತಿತ್ತು, ಹಾಲಿನಿಂದ ಕೂಸಿಗೆ. ಕೂಸಿನ ಮಿದುಳು ಬೆಳೆಯುವ ತಿಂಗಳುಗಳಲ್ಲಿಯೇ ಅದರ ಕೇಡು ಹೆಚ್ಚು. ತಿಳಿದವರಿಗೆ ಇದು ಬಹಳ ಕಾಲದಿಂದ ತಿಳಿದಿತ್ತು. ಆದರೆ ಯಾವ ಮನೆಯ ಯಾವ ದಿಂಬಿನಲ್ಲಿ ಎಷ್ಟಿದೆಯೆಂದು ಅಳೆದು ಹೇಳುವ ಸಾಧನ ಯಾರ ಕೈಯಲ್ಲೂ ಇರಲಿಲ್ಲ.

ಆಗ ಮೂಸುಗೋಲು ಬಂತು. ಅದರ ಸರಕಾರಿ ಹೆಸರು ಉದ್ದವಾಗಿತ್ತು; ಮೂಸುಗೋಲು ಎಂಬುದು ಜನ ಇಟ್ಟ ಹೆಸರು. ಮೊಳದುದ್ದದ ಆ ಉಪಕರಣದ ತುದಿಯಿಂದ, ಬಸುರಿಗೂ ಅಪಾಯ ಮಾಡದಷ್ಟು ಸಣ್ಣ ಎಕ್ಸರೇ ಕಿರಣ ಹೊರಡುತ್ತದೆ. ತಾಗಿದ ಕಡೆ ಬ್ರೋಮಿನ್ ಇದ್ದರೆ ಅದು ತನ್ನದೇ ಆದ ಒಂದು ಕಿರಣವನ್ನು ತಿರುಗಿ ಕಳಿಸುತ್ತದೆ. ಕೋಲು ಅದನ್ನು ಅಳೆದು ಅಂಕಿ ತೋರಿಸುತ್ತದೆ. ಗಾದಿಯ ಮೇಲಿಟ್ಟರೆ ಗಾದಿಯ ಅಂಕಿ. ಮುಂಗೈಯ ಒಳಬದಿಗಿಟ್ಟರೆ ಮನುಷ್ಯರ ಅಂಕಿ. ಅಳತೆಗಳು ಬೇರೆ ಬೇರೆಯಾದರೂ ಜನರಿಗೆ ಗೊಂದಲವಾಗಬಾರದೆಂದು ಎರಡಕ್ಕೂ ಮಿತಿಯನ್ನು ನೂರಕ್ಕೇ ಹೊಂದಿಸಿದ್ದರು.

ಕೋಲು ಬಂದ ಆರು ತಿಂಗಳಿಗೆ ಕಾಯ್ದೆ ಬಂತು. ಹಳೆಯ ಫೋಮನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ಹರಿದು ಮರುಬಳಕೆ ಮಾಡುವಂತಿಲ್ಲ. ಒಂದು ತಿಂಗಳು ಲಾರಿಗಳು ಓಣಿ ಓಣಿ ತಿರುಗಿ ಗಾದಿ, ಸೋಫಾಗಳನ್ನು ಹೊತ್ತೊಯ್ದವು. ಪಿಂಜುವ ಯಂತ್ರಗಳ ಹಲ್ಲುಗಳಲ್ಲಿ ಫೋಮಿನ ಪುಡಿ ಕೂತಿದೆಯೆಂದು ಅವನ್ನೂ ಒಯ್ದರು. ಹೀಗೆ ಅಟ್ಟ ಸೇರಿದ್ದ ಪಿಂಜುವ ಬಿಲ್ಲುಗಳು ಎರಡು ತಲೆಮಾರಿನ ಮೇಲೆ ಕೆಳಗಿಳಿದವು. ಸೀಲು ಹಾಕಿದ ಶುದ್ಧ ಹತ್ತಿಯ ಬೇಲುಗಳು ಸರಕಾರದಿಂದ ಬಂದವು. ಸವಡಿಹಾಳದ ಇಪ್ಪತ್ತೆರಡು ಪಿಂಜಾರ ಮನೆಗಳಿಗೆ ಪರವಾನಗಿ ಸಿಕ್ಕಿತು. ಮದುವೆಯ ಕಾಗದದಲ್ಲಿ ಕಸುಬು ಬರೆಯಲು ನಾಚುತ್ತಿದ್ದವರು ಬಾಗಿಲಿಗೆ ಬೋರ್ಡು ಹಾಕಿಕೊಂಡರು.

ಬಡೇಸಾಬ ನದಾಫರಿಗೆ ಆಗ ಅರವತ್ತೆರಡು. ಓಣಿಯಲ್ಲಿ ಬಿಲ್ಲಿನ ಕೈ ಮರೆಯದಿದ್ದ ಕೆಲವರಲ್ಲಿ ಅವರೊಬ್ಬರು. ಮುಂದಿನ ಅಂಗಳದ ತಗಡಿನ ಕೊಟ್ಟಿಗೆಯಲ್ಲಿ ಪಿಂಜುವುದು, ಅದಕ್ಕೆ ಹೊಂದಿದ ಎರಡು ಕೋಣೆಗಳಲ್ಲಿ ಬಾಳುವೆ. ಒಬ್ಬಳೇ ಮಗಳು ಶಮಶಾದ ಏಳನೆಯ ತಿಂಗಳಲ್ಲಿ ಚೊಚ್ಚಲ ಬಾಣಂತನಕ್ಕೆಂದು ಹರಿಹರದ ಗಂಡನ ಮನೆಯಿಂದ ಬಂದಳು. ಬಂದ ವಾರವೇ ಅವಳ ಕಣ್ಣೆದುರಿಗೆ ಬೇಲಿನ ಸೀಲು ಒಡೆದು, ಪಿಂಜಿ, ರಾತ್ರಿ ಒಬ್ಬರೇ ಕೂತು ಹೊಸ ಗಾದಿ ಹೊಲಿದುಕೊಟ್ಟರು.

ಬಸುರಿಯರಿಗೆ ಕಾಯ್ದೆಯಲ್ಲಿ ಒಂದು ಪ್ರತ್ಯೇಕ ಕಲಮು ಇತ್ತು. ಅಂಕಿ ನೂರು ದಾಟಿದರೆ ಅವರನ್ನು ಹುಬ್ಬಳ್ಳಿಯ ನಿಗಾ ಕೇಂದ್ರಕ್ಕೆ ಒಯ್ಯಬೇಕು. ಹೆರಿಗೆ ಅಲ್ಲಿಯೇ. ಅಂಕಿ ನೂರರ ಕೆಳಗೆ ಇಳಿಯುವವರೆಗೆ ಕೂಸಿಗೆ ತಾಯಿಯ ಹಾಲು ಕೊಡುವಂತಿಲ್ಲ. ಹಾಗೆ ಹೋದ ಕೆಲವರು ಹಾಲು ಬತ್ತಿಸಿಕೊಂಡು ತಿರುಗಿ ಬಂದಿದ್ದರು.

ಆರೋಗ್ಯ ಇಲಾಖೆಯ ರೇಣವ್ವ ಹತ್ತು ದಿನಕ್ಕೊಮ್ಮೆ ಕೋಲು ಹಿಡಿದು ಬರುತ್ತಿದ್ದಳು. ಮೊದಲ ಸಲ ಎಂಬತ್ತೆಂಟು. ಎರಡನೆಯ ಸಲ ತೊಂಬತ್ತನಾಲ್ಕು.

“ಏನ ಬೇ ರೇಣವ್ವಾ, ನಿನ್ನ ಕೋಲಿಗೆ ನನ್ನ ಮಗಳ ಮ್ಯಾಲೆ ಏನ ಸಿಟ್ಟು?” ಎಂದರು ಬಡೇಸಾಬರ ಹೆಂಡತಿ ಖಾಜಾಬಿ.

“ಕೋಲಿಗೆ ಯಾರ ಗುರತ ಇರತೈತಿ ಚಿಗವ್ವಾ? ನನಗೂ ಇಟ್ಕೊಂಡೇನಿ, ಅರವತ್ತೊಂದು. ನನ್ನ ಗಂಡಗ ಮೂವತ್ತು. ಒಂದ ಗಾದೀ ಮ್ಯಾಲೆ ಮಲಗವರು, ಅಂವಗ್ಯಾಕ ಕಡಿಮಿ ಅಂತೀರೇನು? ಅಂವ ಮನ್ಯಾಗ ಇದ್ರಲ್ಲ!”

ಖಾಜಾಬಿ ನಕ್ಕರು. ಶಮಶಾದ ನಗಲಿಲ್ಲ.

“ಹರಿಹರದಾಗ ಎಪ್ಪತ್ತಾರಿತ್ತು. ಇಲ್ಲಿಗೆ ಬಂದ ಮ್ಯಾಲೆ ಏರಾಕ ಹತ್ತೈತಿ,” ಎಂದಳು.

“ತವರಿನ ಊಟ, ಯವ್ವಾ. ಮೈ ಹಿಡದೈತಿ, ಅದರ ಸಂಗಾಟ ಅಂಕೀನೂ ಹಿಡದೈತಿ,” ಎಂದರು ಬಡೇಸಾಬ.

“ಊಟಕ್ಕ ಏರೂದು ತೂಕಾರೀ ಕಾಕಾ,” ಎನ್ನುತ್ತ ರೇಣವ್ವ ಕೋಲನ್ನು ಚೀಲಕ್ಕೆ ಹಾಕಿದಳು. “ಇದು ಬ್ಯಾರೇದು. ಇನ್ನ ಹತ್ತು ದಿನಕ್ಕ ಬರ್ತೀನಿ. ಹುಷಾರ ಇರ್ರಿ.”

ಹುಷಾರಾಗಿರುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಖಾಜಾಬಿ ದಿನಕ್ಕೆ ಮೂರು ಸಲ ನೆಲ ಒರೆಸಿದರು. ಹಳೆಯ ಟಿ.ವಿ.ಯನ್ನು ಹೊರಗಿಟ್ಟರು, ಕಿಟಕಿಯ ಪರದೆ ಸುಟ್ಟರು. ಶಮಶಾದ ಮುಂಗೈಯನ್ನು ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡಳು. ಅದು ಚರ್ಮದ ಮೇಲಿನ ಕೊಳೆಯಲ್ಲವೆಂದು ಗೊತ್ತಿದ್ದೇ ಹಾಗೆ ಮಾಡಿದೆನೆಂದು ನನಗೆ ಹೇಳಿದಳು.

ಅದೇ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಪ್ರಭಾವತಿ ಹಂಚಿನಾಳರಿಗೂ ನೆಮ್ಮದಿ ಇರಲಿಲ್ಲ. ಜಿಲ್ಲೆಯ ಎಲ್ಲ ಕೋಲುಗಳ ಅಂಕಿಗಳೂ ಅವರ ಪ್ರಯೋಗಾಲಯದ ಗೋಡೆಯ ಮೇಲಿನ ನಕ್ಷೆಯಲ್ಲಿ ಚುಕ್ಕೆಗಳಾಗಿ ಮೂಡುತ್ತಿದ್ದವು. ಮಿತಿಯೊಳಗಿನದು ಹಸಿರು, ದಾಟಿದ್ದು ಕೆಂಪು. ಫೋಮ್ ಹೋದ ಮೊದಲ ತಿಂಗಳು ಗೋಡೆ ಹಸಿರಾಗಿತ್ತು. ಬಳಿಕ ಸವಡಿಹಾಳದಲ್ಲಿ ಒಂದು ಕೆಂಪು, ಮರುವಾರ ಐದು, ಎಂಟು ತಿಂಗಳಲ್ಲಿ, ಅಳೆದಷ್ಟು ಗಾದಿಗಳಲ್ಲಿಯೇ, ಅರವತ್ತಮೂರು. ಎಲ್ಲವೂ ಪರವಾನಗಿ ಪಡೆದವರು ಸೀಲಿನ ಹತ್ತಿಯಿಂದ ಮಾಡಿದ ಹೊಸ ಗಾದಿಗಳು. ಬೇಲನ್ನು ಅಳೆದರು, ಸೊನ್ನೆ. ಬಟ್ಟೆ ಸೊನ್ನೆ, ದಾರ ಸೊನ್ನೆ. ಮೂರು ಸೊನ್ನೆ ಸೇರಿ ಹೊಲಿದ ಗಾದಿ ನೂರೈವತ್ತು ತೋರಿಸುತ್ತಿತ್ತು.

ವಿಷ ಗಾಳಿಯಲ್ಲಿಯೇ ಸೇರಿದೆಯೆಂದು ಊರಲ್ಲಿ ಸುದ್ದಿ ಹಬ್ಬಿತು. ಜನ ಗಾದಿ ಸುತ್ತಿಟ್ಟು ಫರ್ಸಿಯ ಮೇಲೆ ಮಲಗತೊಡಗಿದರು. ಡಿಸೆಂಬರಿನ ಚಳಿ, ಬರಿಗಲ್ಲಿನ ಮೇಲೆ ಮಲಗಿಸಿದ ಎರಡು ಕೂಸುಗಳು ಎದೆ ಕಟ್ಟಿ ದವಾಖಾನೆ ಸೇರಿದವು.

“ಪಿಂಜಾರರು ಕದ್ದು ಫೋಮ್ ತುಂಬಾಕ ಹತ್ಯಾರ್ರೀ. ಇಪ್ಪತ್ತೆರಡೂ ಪರವಾನಗಿ ರದ್ದು ಮಾಡಿದ್ರ ಮುಗೀತು,” ಎಂದರು ಮೇಲಧಿಕಾರಿ.

“ಕದಿಯವ ಒಂದು ಹಿಡಿ ಯಾಕ ಕದೀತಾನ ಸರ್?” ಎಂದರು ಪ್ರಭಾವತಿ. “ಕದ್ದು ತುಂಬಿದ್ರ ಅಂಕಿ ಎರಡು ಸಾವಿರಕ್ಕ ಹೋಗಬೇಕು. ಇದು ಅಷ್ಟಿಲ್ಲ. ಒಂದು ವಾರ ಕೊಡ್ರಿ.”

ಆ ವಾರ ಅವರು ನಲವತ್ತು ಕೆಂಪು ಗಾದಿಗಳನ್ನು ತರಿಸಿ, ಒಂದೊಂದನ್ನೂ ಗೇಣು ಗೇಣಿಗೆ ಗೆರೆ ಎಳೆದು ಅಳೆದರು. ನಲವತ್ತರ ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟು ಪರದೆಯ ಮೇಲೆ ನೋಡಿದಾಗ ಗಾದಿಯ ಬಹುಭಾಗ ತಿಳಿಗೆಂಪಾಗಿತ್ತು. ಒಂದೇ ಒಂದು ಜಾಗ ಕೆಂಡದಂತೆ ಹೊಳೆಯುತ್ತಿತ್ತು: ತಲೆದೆಸೆಯ ಬಲಮೂಲೆ. ನಲವತ್ತರಲ್ಲೂ ಅದೇ. ಗಾಳಿಗೆ ಮೂಲೆ ಆರಿಸುವ ಬುದ್ಧಿ ಇರುವುದಿಲ್ಲ. ಅದು ಮನುಷ್ಯರ ಕೈಯ ಕೆಲಸವೆಂದು ಅವರಿಗೆ ಖಚಿತವಾಯಿತು. ಯಾತಕ್ಕಾಗಿ ಎಂಬುದಷ್ಟೇ ತಿಳಿಯಲಿಲ್ಲ.

ಮರುದಿನ ಮುಂಜಾನೆ ಆ ಚಿತ್ರದ ಹಾಳೆ ಹಿಡಿದು ಅವರು, ಆ ನಲವತ್ತರಲ್ಲಿ ಹೆಚ್ಚಿನವನ್ನು ಹೊಲಿದಿದ್ದ ಬಡೇಸಾಬರ ಕೊಟ್ಟಿಗೆಗೆ ಬಂದರು. ಬಡೇಸಾಬ ಪಿಂಜುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಹಾಳೆ ಹಿಡಿದರು. ಬಹಳ ಹೊತ್ತು ನೋಡಿದರು.

“ಈ ಮೂಲಿ ಯಾವುದಂತ ಗೊತ್ತಾತ್ರೀ ಬಡೇಸಾಬರ?”

“ತಲಿ ಕಡೇದು, ಬಲಕ್ಕ.”

“ಅಲ್ಲೇನ ಹಾಕ್ತೀರಿ?”

“ಹತ್ತಿರಿ.”

“ಬ್ಯಾರೆ?”

ಬಡೇಸಾಬ ಹಾಳೆಯನ್ನು ಮಡಚಿ ಅವರ ಕೈಗೆ ಕೊಟ್ಟರು. “ನನಗ ತಿಳೀವಲ್ದ್ರೀ ಮೇಡಮ್ಮಾರ,” ಎಂದರು.

ಇಲ್ಲಿ ಆ ಓಣಿಯ ಒಂದು ಪದ್ಧತಿಯನ್ನು ಹೇಳಬೇಕು. ಬೇರೆ ಊರಿನ ಪಿಂಜಾರರಲ್ಲಿ ವಿಚಾರಿಸಿದ್ದೇನೆ, ಅಲ್ಲಿ ಇಲ್ಲ. ಯಾವ ಮನೆಗೆ ಹೊಸ ಗಾದಿ ಮಾಡಿಕೊಟ್ಟರೂ, ಆ ಮನೆಯ ಹಳೆಯ ಗಾದಿಯಿಂದ ಒಂದು ಹಿಡಿ ತೆಗೆದು, ಅದಕ್ಕೆ ಬಿಲ್ಲಿನ ನಾಲ್ಕು ಪೆಟ್ಟು ಕೊಟ್ಟು, ಹೊಸ ಗಾದಿಯ ತಲೆದೆಸೆಯ ಬಲಮೂಲೆಯಲ್ಲಿ ಇಡಬೇಕು. ಅದನ್ನು ‘ಮನೀ ಹಿಡಿ’ ಎನ್ನುತ್ತಾರೆ. ಆ ಮನೆಯವರ ನಿದ್ದೆ ಅದರಲ್ಲಿ ಇರುತ್ತದೆಂದು ನಂಬಿಕೆ. ಇಡುವಾಗ ಮಾತಾಡಬಾರದು; ಇಟ್ಟದ್ದನ್ನು ಮನೆಯವರಿಗೂ ಹೇಳಬಾರದು; ಹೇಳಿದರೆ ಆ ಮನೆಯ ನಿದ್ದೆ ಹೊರಟುಹೋಗುತ್ತದೆ. ಹತ್ತಿಯ ಕಾಲದಲ್ಲಿ ಅದು ಹತ್ತಿಯ ಹಿಡಿಯಾಗಿತ್ತು. ಎರಡು ತಲೆಮಾರು ಫೋಮಿನ ಮೇಲೆ ಮಲಗಿದ ಮನೆಗಳಲ್ಲಿ ಹಳೆಯದೆಂದರೆ ಫೋಮೇ. ಲಾರಿ ಬರುವ ಮೊದಲು ಪಿಂಜಾರರು ಮನೆ ಮನೆಗೆ ಹೋಗಿ, ಅಳತೆ ತೆಗೆಯುವ ನೆವದಲ್ಲಿ ಒಂದೊಂದು ಹಿಡಿ ಕಿತ್ತು ಚಿಂದಿಯಲ್ಲಿ ಕಟ್ಟಿ ಇಟ್ಟುಕೊಂಡಿದ್ದರು. ಆ ಹಿಡಿಗೆ ಬಿಲ್ಲಿನ ಪೆಟ್ಟು ಬಿದ್ದಾಗ ಪುಡಿ ಹಾರಿ ಕೊಟ್ಟಿಗೆಯ ಹತ್ತಿಯ ಮೇಲೆಲ್ಲ ಕೂರುತ್ತಿತ್ತು. ಕೊಟ್ಟಿಗೆಗೆ ಹೊಂದಿದ ಕೋಣೆಯಲ್ಲಿ ಮಲಗುವವರ ಎದೆಗೂ ಇಳಿಯುತ್ತಿತ್ತು.

ಬಡೇಸಾಬ ಅಪ್ರಾಮಾಣಿಕರಲ್ಲ. ಪರವಾನಗಿಯ ಅರ್ಜಿಯಲ್ಲಿ ಬಳಸುವ ವಸ್ತುಗಳು ಎಂಬಲ್ಲಿ ಹತ್ತಿ, ಬಟ್ಟೆ, ದಾರ ಎಂದು ಬರೆಸುವಾಗ ಅವರಿಗೆ ಹಿಡಿಯ ನೆನಪೇ ಆಗಿರಲಿಲ್ಲ. ಅದು ಅವರ ಕೈಗೆ ಎಂದೂ ವಸ್ತುವಾಗಿ ತೋರಿರಲಿಲ್ಲ. ಆ ಮುಂಜಾನೆ ಹಾಳೆಯ ಮೇಲೆ ತಮ್ಮದೇ ಮುಷ್ಟಿಯ ಅಚ್ಚು ಕೆಂಪಾಗಿ ಕಂಡಾಗ ಮೊದಲ ಸಲ ತೋರಿತು.

ಲಾಲಸಾಬರು ಹೇಳುವ ಪಾಠದಲ್ಲಿ ಬಡೇಸಾಬ ಆ ಕ್ಷಣವೇ ಎಲ್ಲ ಒಪ್ಪಿಕೊಳ್ಳುತ್ತಾರೆ. ಓಣಿಯ ಉಳಿದವರೂ ಹಾಗೆಯೇ ಹೇಳುತ್ತಾರೆ. ಶಮಶಾದ ಮಾತ್ರ, “ಇಲ್ರಿ, ನಾಕು ದಿನಾ ಬಾಯಿ ಬಿಡಲಿಲ್ಲ,” ಎನ್ನುತ್ತಾಳೆ. ಪ್ರಯೋಗಾಲಯದ ದಾಖಲೆಯ ತಾರೀಖುಗಳು ಅವಳ ಮಾತಿಗೆ ಹೊಂದುತ್ತವೆ.

ಆ ನಾಲ್ಕು ದಿನ ಬಡೇಸಾಬ ಹೇಗಿದ್ದರೆಂಬುದು ಮನೆಯವರಿಗೆ ಮಾತ್ರ ಗೊತ್ತು. ಹೇಳಿದರೆ ಇಪ್ಪತ್ತೆರಡು ಮನೆಗಳ ಪರವಾನಗಿ ಹೋಗುತ್ತದೆ, ಊರು ಕಳ್ಳರೆನ್ನುತ್ತದೆ, ಹಿರಿಯರು ಬಾಯಿ ಬಿಡದ್ದನ್ನು ಬಿಟ್ಟಂತಾಗುತ್ತದೆ. ಹೇಳದಿದ್ದರೆ ಮಗಳ ಅಂಕಿ. ಪ್ರಭಾವತಿಯವರ ಜೀಪು ಓಣಿ ದಾಟುತ್ತಲೇ ಅವರು ಒಳಗೆ ಹೋಗಿ, ಶಮಶಾದ ಹಿತ್ತಲಲ್ಲಿ ಇದ್ದಾಗ ಅವಳ ಗಾದಿಯ ಮೂಲೆ ಬಿಚ್ಚಿ, ಅವಳ ಮದುವೆಯ ಫೋಮ್ ಗಾದಿಯಿಂದ ತೆಗೆದಿಟ್ಟಿದ್ದ ಹಿಡಿಯನ್ನು ಹೊರಗೆಳೆದು, ಮತ್ತೆ ಹೊಲಿದರು. ಬಿಲ್ಲು ಮುಟ್ಟಲಿಲ್ಲ. ಗಿರಾಕಿಗಳಿಗೆ ತೋಳು ನೋವೆಂದರು. ಇನ್ನು ಇಳಿಯುತ್ತದೆ, ಯಾರಿಗೂ ಹೇಳುವ ಪ್ರಮೇಯ ಬರುವುದಿಲ್ಲ ಎಂದು ಕಾದರು.

ನಾಲ್ಕನೆಯ ದಿನ ರೇಣವ್ವ ಬಂದಳು. ಕೋಲಿಟ್ಟು, ಅಂಕಿ ನೋಡಿ, ಇನ್ನೊಂದು ಕೈಗೂ ಇಟ್ಟಳು.

“ಎಷ್ಟೈತಿ, ಹೇಳ ಬೇ,” ಎಂದಳು ಶಮಶಾದ.

“ನೂರಾ ನಾಕು.”

“ಇನ್ನೊಮ್ಮಿ ಇಡು.”

“ಎರಡೂ ಕೈ ನೋಡೀನಿ ತಂಗೀ. ನಾಳೆ ಗಾಡಿ ಬರತೈತಿ. ಅರಿವಿ ಕಟ್ಕೋ.” ಎಂದೂ ಹಗುರ ಮಾತಾಡುವ ರೇಣವ್ವ ಅಂದು ಚಹಾ ಕೂಡ ಕುಡಿಯದೆ ಹೋದಳು.

ಬಡೇಸಾಬ ಹೊಸ್ತಿಲಲ್ಲಿ ಕೂತಿದ್ದರು. ಶಮಶಾದ ಗಾದಿಯನ್ನು ಎಳೆದು ತಂದು ಅವರ ಮುಂದೆ ಹಾಕಿದಳು.

“ಯಪ್ಪಾ, ಈ ಮೂಲಿ ಬಿಚ್ಚಿ ಹೊಲದೀಯಲ್ಲ, ಯಾಕ?”

“ಯಾವ ಮೂಲಿ?”

“ಪಿಂಜಾರನ ಮಗಳದೀನಿ. ಮೊದಲಿನ ಹೊಲಿಗಿ ಒಂದಳತಿ ಇತ್ತು. ಇದು ಗಡಿಬಿಡಿಲೆ ಹಾಕಿದ್ದು. ಹೇಳು, ಏನ ತಗದಿ?”

ಬಡೇಸಾಬ ಹೆಂಡತಿಯ ಕಡೆ ನೋಡಿದರು. ಖಾಜಾಬಿಗೆ ಹಿಡಿಯ ವಿಷಯ ಮೊದಲಿನಿಂದ ಗೊತ್ತು. ಅದು ಏನು ಮಾಡುತ್ತಿದೆಯೆಂದು ಈಗ ಗೊತ್ತಾಯಿತು.

“ಮನೀ ಹಿಡಿ ತಗದಿ ಹೌದಲ್ಲ?” ಎಂದರು ಅವರು. “ಫೋಮಿಂದು!”

“ಅದನ್ನ ಬಾಯಿಲೆ ಆಡಬಾರದ, ಖಾಜಾ. ಊರ ನಿದ್ದಿ ಹೋಗತೈತಿ.”

“ಊರು ಈಗೇನ ನಿದ್ದಿ ಮಾಡಾಕ ಹತ್ತೈತೇನು? ಕೂಸು ಕಲ್ಲಿನ ಮ್ಯಾಲೆ ಮಲಗ್ಯಾವ! ನಾಕು ದಿನಾ ಬಾಯಿ ಹೊಲಕೊಂಡು ಕುಂತೀದಿ. ನೀ ಕುಂತಿ ಅಂತ ಅಂಕೀನೂ ಕುಂತಿತೇನು?”

ಶಮಶಾದ ಅತ್ತಳೋ ಇಲ್ಲವೋ ನನಗೆ ತಿಳಿಯದು, ಅವಳು ಹೇಳಲಿಲ್ಲ. “ಹಿಡಿ ತಗದ ದಿನಾನ ನನಗ ಒಂದು ಮಾತು ಹೇಳಿದ್ರ ಸಾಕಿತ್ತು ಯಪ್ಪಾ, ನಾ ಅವತ್ತ ಹರಿಹರಕ್ಕ ಹೋಗತಿದ್ದೆ,” ಎಂದೆ ಎಂದಷ್ಟೇ ಹೇಳಿದಳು.

ಮರುದಿನ ಗಾಡಿ ಬರುವ ಮೊದಲೇ, ಮುಂಜಾನೆಯ ಬಸ್ಸಿಗೆ ಬಡೇಸಾಬ ಹುಬ್ಬಳ್ಳಿಗೆ ಹೋದರು. ಪ್ರಯೋಗಾಲಯದ ಮೇಜಿನ ಮೇಲೆ ಚಿಂದಿಯ ಹನ್ನೆರಡು ಸಣ್ಣ ಗಂಟುಗಳನ್ನು ಇಟ್ಟರು. ಪ್ರಭಾವತಿ ಒಂದರ ಹತ್ತಿರ ಕೋಲು ತಂದರು. ಅಂಕಿ ಸಾವಿರ ದಾಟಿ, ಕೋಲು ಕೂಗಿಕೊಂಡಿತು.

“ಇದನ್ನ ಅರ್ಜಿಯೊಳಗ ಯಾಕ ಬರಸಲಿಲ್ಲ?”

“ಅದು ಸಾಮಾನಲ್ರೀ ಮೇಡಮ್ಮಾರ. ಅದು ಆ ಮನೀದು. ನನ್ನದಲ್ಲ, ನಾ ಏನಂತ ಬರಸಲಿ?”

“ಎಷ್ಟು ಗಾದಿಗೆ ಹಾಕೀರಿ?”

ಬಡೇಸಾಬ ಕಣ್ಣು ಮುಚ್ಚಿ ಹೇಳತೊಡಗಿದರು. ಗಾಣಿಗೇರ ಶಂಕ್ರಪ್ಪನ ಮನೆ, ಎರಡು, ಒಂದು ದೊಡ್ಡದು ಒಂದು ಮುದುಕಿಯದು. ಮಾಸ್ತರ ಮನೆ, ಒಂದು. ಹೊಸದಾಗಿ ಬಾಣಂತಿಯಾದ ಕುಂಬಾರ ಮನೆಯ ಸೊಸೆಯದು. ನೂರಾ ಎಪ್ಪತ್ತೊಂದು ಗಾದಿಗಳನ್ನು, ಮಲಗುವವರ ಹೆಸರಿನೊಂದಿಗೆ ಹೇಳಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಪ್ರಭಾವತಿ ಒಂದನ್ನೂ ಬಿಡದೆ ಬರೆದುಕೊಂಡರು. ಕುಂಬಾರ ಮನೆಯ ಹೆಸರು ಬರೆದಾಯಿತೇ ಎಂದು ಬಡೇಸಾಬ ಎರಡು ಸಲ ಕೇಳಿದರೆಂದು ಅವರು ನೆನೆದರು.

ಊರಿನ ಮೂಲೆಗಳನ್ನೆಲ್ಲ ಬಿಚ್ಚಿದರು. ಹಿಡಿ ತೆಗೆದು, ಪುಡಿ ಕೂತ ಹತ್ತಿಯನ್ನು ಬದಲಿಸಿದರು, ಕೊಟ್ಟಿಗೆಗಳನ್ನು ತೊಳೆಸಿದರು. ಎರಡು ತಿಂಗಳಲ್ಲಿ ಗೋಡೆಯ ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಇಪ್ಪತ್ತೆರಡು ಪರವಾನಗಿಗಳೂ ಆರು ತಿಂಗಳು ನಿಂತು, ಮತ್ತೆ ಬಂದವು. ಆ ಆರು ತಿಂಗಳಲ್ಲಿ ಮಸೀದಿಯ ಮುಂದೆ ಕೂಡ ಬಡೇಸಾಬರನ್ನು ಯಾರೂ ಮಾತಾಡಿಸಲಿಲ್ಲ. ಮಾತಾಡಿಸದವರಲ್ಲಿ ಲಾಲಸಾಬರೂ ಒಬ್ಬರೆಂದು ಶಮಶಾದ ಹೇಳಿದಳು, ಲಾಲಸಾಬರು ಹೇಳಲಿಲ್ಲ. ಓಣಿಯವರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಗಾದಿಗಳ ಕಥೆ ಅಷ್ಟೇ.

ಮೈಯನ್ನು ಮೂಲೆಯಂತೆ ಬಿಚ್ಚಿ ತೆಗೆಯಲು ಬರುವುದಿಲ್ಲ. ನಿಗಾ ಕೇಂದ್ರದಲ್ಲಿ ಶಮಶಾದ ಹೆಣ್ಣು ಹೆತ್ತಾಗ, ಮೊದಲೇ ಎದೆಗಿಳಿದಿದ್ದ ಪುಡಿ ಮೈಗೇರಿ, ಅವಳ ಅಂಕಿ ನೂರಾ ಏಳಾಗಿತ್ತು. ಕೂಸನ್ನು ಪಕ್ಕದ ಕೋಣೆಗೆ ಒಯ್ದು ಡಬ್ಬಿಯ ಹಾಲನ್ನು ಚಮಚದಲ್ಲಿ ಹಾಕಿದರು. ಅಳು ಗೋಡೆಯಾಚೆಯಿಂದ ಕೇಳುತ್ತಿತ್ತು. ಕೇಳಿದಾಗಲೆಲ್ಲ ಶಮಶಾದಳ ಕುಪ್ಪಸ ತೊಯ್ಯುತ್ತಿತ್ತು.

“ಹಿಂಡಿ ತಗೀ,” ಎಂದರು ಖಾಜಾಬಿ. “ತಗೀಲಿಲ್ಲಂದ್ರ ಬತ್ತತೈತಿ. ಬತ್ತಿದ್ರ ನೂರಾಗ್ಲಿ, ಸೊನ್ನಿ ಆಗ್ಲಿ, ಏನು ಉಪಯೋಗ?”

ಮೂರು ತಾಸಿಗೊಮ್ಮೆ ಅವಳು ಹಾಲು ಹಿಂಡಿ ಬಾಟಲಿಗೆ ಹಾಕುವಳು. ನರ್ಸು ಅದರ ಮೇಲೆ ಚೀಟಿ ಅಂಟಿಸಿ ಒಯ್ಯುವಳು. ಎಂಟನೆಯ ದಿನ ಪ್ರಭಾವತಿ ಬಂದರು. ಹಾಲಿನ ಕೊಬ್ಬಿನೊಂದಿಗೆ ವಿಷವೂ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತಿದೆಯೆಂದು ಬಾಟಲಿಗಳಿಂದ ಅವರಿಗೆ ಗೊತ್ತಾಗಿತ್ತು. “ನಿಲ್ಲಸಬ್ಯಾಡವಾ. ಇಳಿಯೂ ದಾರಿ ಇದೊಂದ,” ಎಂದರು. ನೂರಾ ಆರು. ಹದಿನೈದು ದಿನಕ್ಕೆ ನೂರಾ ನಾಲ್ಕು. ಒಂದು ವಾರ ಕದಲಲೇ ಇಲ್ಲ. ಬಡೇಸಾಬ ದಿನವೂ ಬಸ್ಸಿನಲ್ಲಿ ಬಂದು, ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತು, ಅಂಕಿ ಕೇಳಿಕೊಂಡು ಹೋಗುತ್ತಿದ್ದರು. ಒಳಗೆ ಬರಲು ಮಗಳು ಕರೆಯಲಿಲ್ಲ, ಅವರೂ ಕೇಳಲಿಲ್ಲ.

ಮೂವತ್ತೆಂಟನೆಯ ದಿನ ಕೋಲು ತೊಂಬತ್ತೊಂಬತ್ತು ತೋರಿಸಿತು. ನರ್ಸು ನಗುತ್ತ ಕೂಸನ್ನು ತಂದು ತೊಡೆಯ ಮೇಲಿಟ್ಟಳು. ಇನ್ನು ಮುಂದಿನದನ್ನು ಶಮಶಾದಳ ಮಾತಿನಲ್ಲಿಯೇ ಕೊಡುತ್ತೇನೆ. ಬೇರೆ ಯಾರೂ ಇದನ್ನು ಹೇಳುವುದಿಲ್ಲ.

“ಅಷ್ಟ ದಿನಾ ಅದ ಗಳಿಗಿ ಕಾದಿದ್ದೆ ನೋಡ್ರಿ. ಕೂಸು ಕೈಯಾಗ ಬಂದ ಮ್ಯಾಲೆ ಅಂಜಿಕಿ ಬಂತು. ನಿನ್ನೆ ನೂರಿತ್ತು, ವಿಷ. ಇವತ್ತ ತೊಂಬತ್ತೊಂಬತ್ತು, ಹಾಲು. ಒಂದ ರಾತ್ರಿಯೊಳಗ ಏನಾತು? ಪ್ರಭಾವತಿ ಮೇಡಮ್ಮಾರು ಬಾಜೂಕ ಇದ್ರು. ‘ಈ ನೂರು ಎಲ್ಲಿಂದ ಬಂತ್ರಿ?’ ಅಂತ ಕೇಳಿದೆ. ಸುಳ್ಳು ಹೇಳಬಹುದಿತ್ತು ಅವರು. ‘ನಾವು ಎಂಬತ್ತು ಅಂತ ಬರದಿದ್ವಿ ಯವ್ವಾ. ಫೋಮ್ ಮಾಡವರು ನೂರಿಪ್ಪತ್ತು ಅಂದ್ರು. ನೂರಕ್ಕ ಮುಗಿಸಿದ್ರು,’ ಅಂದ್ರು. ನಾ ಕೂಸಿನ್ನ ಎದಿಯಿಂದ ದೂರ ಹಿಡಕೊಂಡೆ.

“‘ನೀವಾಗಿದ್ರ ಕುಡಸ್ತಿದ್ರೇನ್ರಿ?’ ಅಂತ ಕೇಳಿದೆ. ‘ನನ್ನ ಮಗಳು ಹುಟ್ಟಿದಾಗ ಈ ಕೋಲು ಇರಲಿಲ್ಲ. ನನ್ನ ಅಂಕಿ ಎಷ್ಟಿತ್ತೋ ನನಗ ಗೊತ್ತಿಲ್ಲ. ಕುಡಿಸಿದೆ. ಹಾಲಿನೊಳಗ ಬರೂ ಒಳ್ಳೇದನ್ನ ಈ ಕೋಲು ಅಳಿಯೂದಿಲ್ಲವಾ, ಕೆಟ್ಟದ್ದನ್ನ ಅಷ್ಟ ಅಳೀತೈತಿ. ನಾನಾಗಿದ್ರ ಇವತ್ತ ಕುಡಸ್ತಿದ್ದೆ,’ ಅಂದ್ರು. ‘ನಿನಗ ಬ್ಯಾಡಂದ್ರ ಯಾರೂ ಏನೂ ಅನ್ನೂದಿಲ್ಲ. ಕುಡಿಸಿದ್ರ ಮುಗಿಯೂತನಾ ನಾ ಇಲ್ಲೇ ಕುಂದರ್ತೀನಿ.’

“ಡಬ್ಬೀ ಹಾಲಿಗೆ ರೂಢಿ ಆಗಿತ್ತು, ಮೊದಲ ಮಾರಿ ತಿರುವಿತು. ಆಮ್ಯಾಲೆ ಹಿಡೀತು. ಒಂದೊಂದ ಗುಟಕ ಇಳಿಯೂದು ಕೇಳಸತಿತ್ತು. ನಾ ಒಳಗೊಳಗ ಎಣಿಸಾಕ ಹತ್ತಿದೆ, ಒಂದು, ಎರಡು, ಎಷ್ಟು ಹೋಗಾಕ ಹತ್ತೈತಿ ಇಕೀ ಮೈಯಾಗ ಅಂತ. ಒಂಬತ್ತಕ್ಕ ತಪ್ಪಿತು. ಇಕಿ ಕಣ್ಣ ತಗದು ನನ್ನ ನೋಡಿದ್ಲು. ಮತ್ತ ಎಣಸಲಿಲ್ಲರಿ.”